ಬರೆದದ್ದು ಮತ್ತು ನಡೆಸಿದ್ದು

(ಪದವಿ ವಿದ್ಯಾರ್ಥಿನಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೆಣ್ಣುಮಕ್ಕಳ ಓದಿನ ಚರಿತ್ರೆಯನ್ನು ಸಾವಿತ್ರಿಬಾಯಿ ಫುಲೆಯವರಿಂದ ಇವತ್ತಿನವರೆಗೆ ಹೇಳಿ ಎಂದು ನಿಮ್ಮ ಮೇಡಂ ಕೇಳಿದ್ದರು. ಒಂದು ಗಂಟೆಯಲ್ಲಿ ಅಷ್ಟು ದೂರ ಓಡಿದರೆ ಹೆಸರು, ಇಸವಿ ಬಿಟ್ಟು ಬೇರೇನೂ ನಿಮ್ಮ ಕೈಗೆ ಸಿಗುವುದಿಲ್ಲ. ನಾನು ಪಿಎಚ್‌ಡಿಗೆ ಆರಿಸಿಕೊಂಡಿರುವುದು ಆ ಚರಿತ್ರೆಯ ಒಂದು ಮೂಲೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಕೆಲವು ಹೆಂಗಸರು ಶಾಲೆ ನಡೆಸಿದರು, ಹಾಸ್ಟೆಲ್ ನಡೆಸಿದರು, ಪತ್ರಿಕೆ ತಂದರು. ಅವರ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಮ್ಮ ಗಂಗಾಮೂಲದಿಂದಲೇ ಶುರು ಮಾಡೋಣ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಾಡು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅಂತ ನಿಮಗೆ ಗೊತ್ತು. ಪಂಡಿತಾ ರಮಾಬಾಯಿ ಹುಟ್ಟಿದ್ದೂ ಅಲ್ಲೇ, 1858ರಲ್ಲಿ. ಪಠ್ಯಪುಸ್ತಕದಲ್ಲಿ ಅವರನ್ನು ಮಹಾರಾಷ್ಟ್ರದವರು ಎಂದು ಓದುತ್ತೇವೆ. ಮನೆಮಾತು ಮರಾಠಿ, ಕೆಲಸ ಮಾಡಿದ್ದು ಪುಣೆಯಲ್ಲಿ, ಹಾಗಾಗಿ ಅದು ತಪ್ಪೇನಲ್ಲ. ಆದರೆ ಅವರ ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಅವರು ಊರು ಬಿಟ್ಟು ಕಾಡು ಸೇರಿದ್ದಕ್ಕೆ ಒಂದು ಕಾರಣವಿತ್ತು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸುವುದು ಅವರ ಹಟ. ಮನೆಯವರೂ ಊರವರೂ ಒಪ್ಪಲಿಲ್ಲ. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಹೆಂಗಸರು ಸಂಸ್ಕೃತ ಓದಬಹುದು ಎನ್ನುವುದಕ್ಕೆ ಗ್ರಂಥಗಳಿಂದಲೇ ಆಧಾರ ಹುಡುಕಿ ತೋರಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಧೈರ್ಯವಂತ ಅಪ್ಪನ ಕಥೆ. ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ ಕೂಡ. ನಾನು ಲಕ್ಷ್ಮೀಬಾಯಿಯ ದಿನಚರಿ ನೋಡಬೇಕು ಎನ್ನುತ್ತೇನೆ. ಮದುವೆಯಾದಾಗ ಅವರಿಗೆ ಒಂಬತ್ತು ವರ್ಷ, ಗಂಡನಿಗೆ ನಲವತ್ತರ ಮೇಲೆ. ಕಾಡಿನ ಮನೆಯಲ್ಲಿ ಶಾಸ್ತ್ರಿಗಳ ಶಿಷ್ಯರಿದ್ದರು, ಹೋಗಿ ಬರುವ ಯಾತ್ರಿಕರಿದ್ದರು. ಇಷ್ಟು ಜನಕ್ಕೆ ಬೇಯಿಸಿ ಹಾಕುವುದು, ದನಕರು, ಮಕ್ಕಳು ಎಲ್ಲ ಅವರ ಪಾಲಿಗೆ. ಓದಿಗೆ ಉಳಿಯುತ್ತಿದ್ದದ್ದು ಕೆಲಸ ಮುಗಿದ ಮೇಲಿನ ಹೊತ್ತು. ಸಾಲ ಹೆಚ್ಚಾಗಿ ಕುಟುಂಬ ಆ ಮನೆ ಬಿಟ್ಟು ಯಾತ್ರೆ ಹೊರಟಾಗ ರಮಾಬಾಯಿ ಕೆಲವೇ ತಿಂಗಳ ಕೂಸು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ. ಮುಂದೆ ಆ ಮಗುವಿಗೆ ಸಂಸ್ಕೃತ ಕಲಿಸಿದ್ದು ಅಮ್ಮನೇ. ಅಪ್ಪನಿಗೆ ಆಗಲೇ ವಯಸ್ಸಾಗಿತ್ತು. ಹಗಲು ಪುರುಸೊತ್ತಿಲ್ಲ, ಆದ್ದರಿಂದ ಬೆಳಕು ಹರಿಯುವ ಮುಂಚೆ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಗೆ ಬಾಯಿಪಾಠವಾದದ್ದು ಹೀಗೆ, ಪುಣ್ಯಕ್ಷೇತ್ರದಿಂದ ಪುಣ್ಯಕ್ಷೇತ್ರಕ್ಕೆ ನಡೆಯುವ ದಾರಿಯಲ್ಲಿ.

ಈ ವಿವರಗಳಿಗೆ ಯಾಕೆ ಇಷ್ಟು ಹೊತ್ತು ಕೊಡುತ್ತಿದ್ದೇನೆ ಎಂದರೆ, ರಮಾಬಾಯಿ ಮುಂದೆ ಕಟ್ಟಿದ್ದೆಲ್ಲ ಇಲ್ಲಿಂದಲೇ ಅರ್ಥವಾಗುತ್ತದೆ. ಓದುವ ಆಸೆಯೂ ಇತ್ತು, ಕಲಿಸುವವರೂ ಇದ್ದರು. ಇಲ್ಲದೇ ಇದ್ದದ್ದು ಬಿಡುವು, ನೆಲೆ, ನಾಳೆಯ ಊಟ. 1874ರಲ್ಲಿ, ಬರಗಾಲದ ದಿನಗಳಲ್ಲಿ, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಅಣ್ಣ ಶ್ರೀನಿವಾಸನ ಜೊತೆ ಬಹುಪಾಲು ಕಾಲ್ನಡಿಗೆಯಲ್ಲೇ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಈ ಹುಡುಗಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರ ಜೊತೆ ಜಾತಿ ಮೀರಿ ಮದುವೆಯಾದರು. ಎರಡು ವರ್ಷ ತುಂಬುವ ಮುಂಚೆ ಆತನೂ ತೀರಿಕೊಂಡರು. ಕೈಯಲ್ಲಿ ಹಸುಗೂಸು ಮನೋರಮಾ. ರಮಾಬಾಯಿಗೆ ಆಗ 23 ವರ್ಷ.

ಅದೇ 1882ರಲ್ಲಿ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಸರ್ಕಾರ ಶಿಕ್ಷಣದ ಬಗ್ಗೆ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೋಗಿ ಸಾಕ್ಷಿ ಹೇಳಿದರು. ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣುಮಕ್ಕಳ ಓದಿಗೆ ವಿರೋಧ ಎಂದು ಅವರು ಅಲ್ಲಿ ಹೇಳಿದ ಮಾತನ್ನು ಎಲ್ಲರೂ ನೆನೆಯುತ್ತಾರೆ. ಅದೇ ಸಾಕ್ಷಿಯಲ್ಲಿ ಬೇರೆ ಮಾತುಗಳೂ ಇವೆ. ನನಗೆ ಅವೇ ಮುಖ್ಯ. ಹೆಣ್ಣುಮಕ್ಕಳಿಗೆ ಕಲಿಸಲು ಹೆಣ್ಣು ಮೇಷ್ಟರು ಬೇಕು. ಅವರಿಗೆ ಒಳ್ಳೆಯ ಸಂಬಳ ಬೇಕು. ಶಾಲೆಗಳನ್ನು ತಪಾಸಣೆ ಮಾಡುವವರೂ ಹೆಂಗಸರೇ ಆಗಬೇಕು. ಹೆಂಗಸರು ಡಾಕ್ಟರಾಗಬೇಕು. ಕಲಿಯುವವರು ಅಲ್ಲೇ ಆವರಣದಲ್ಲಿ ಇದ್ದು ಓದುವಂತಿರಬೇಕು. ಸಂಬಳ, ಕೆಲಸ, ಉಳಿಯಲು ಜಾಗ. ಇಡೀ ದೇಶ ಹೆಣ್ಣು ಓದಬೇಕೋ ಬೇಡವೋ ಅಂತ ಜಗಳ ಆಡುತ್ತಿದ್ದಾಗ ಈಕೆ ಹಾಸ್ಟೆಲ್ ಕೇಳುತ್ತಿದ್ದಾರೆ!

ಈಗ ನನ್ನ ಸಂಶೋಧನೆಯನ್ನು ನಡೆಸುತ್ತಿರುವ ತೊಡಕಿಗೆ ಬರುತ್ತೇನೆ. ಅದೇ ವರ್ಷ ರಮಾಬಾಯಿ ಮರಾಠಿಯಲ್ಲಿ 'ಸ್ತ್ರೀ ಧರ್ಮ ನೀತಿ' ಎಂಬ ಪುಸ್ತಕ ಬರೆದರು. ಓದಿದರೆ ನಿಮಗೆ ನಿರಾಸೆ ಆಗಬಹುದು. ಹೆಂಗಸರು ಸೋಮಾರಿಗಳಾಗಬಾರದು, ಅಚ್ಚುಕಟ್ಟಾಗಿ ಮನೆ ನಡೆಸಬೇಕು, ಗಂಡನಿಗೆ ಅನುಕೂಲವಾಗಿರಬೇಕು ಎಂದು ಬುದ್ಧಿ ಹೇಳುವ ಪುಸ್ತಕ ಅದು. ಬಂಡಾಯಗಾರ್ತಿಯನ್ನು ಹುಡುಕಿ ಹೋದವರಿಗೆ ಮನೆಯ ಹಿರಿಯಜ್ಜಿ ಸಿಗುತ್ತಾಳೆ. ಆದರೆ ಆ ಪುಸ್ತಕ ಮಾರಿ ಬಂದ ದುಡ್ಡನ್ನೇ ಹಡಗಿನ ಖರ್ಚಿಗೆ ಹಾಕಿ, ಪುಟ್ಟ ಮಗಳನ್ನು ಕರೆದುಕೊಂಡು, 1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಹೆಂಗಸರು ಮನೆಯಲ್ಲಿ ಹೇಗಿರಬೇಕು ಎಂದು ಬರೆದ ಪುಸ್ತಕದ ದುಡ್ಡಿನಲ್ಲಿ ಒಬ್ಬ ಗಂಡ ಸತ್ತ ಹೆಂಗಸು ಸಮುದ್ರ ದಾಟಿದರು. ಇವೆರಡರಲ್ಲಿ ಯಾವ ರಮಾಬಾಯಿ ನಿಜ ಅಂತ ಕೇಳಿದರೆ ನಾನು ಎರಡನೆಯದರ ಕಡೆ. ಈ ಹೆಂಗಸರನ್ನು ಅವರು ಬರೆದ ಉಪದೇಶದಿಂದ ಅಳೆಯಬಾರದು. ಅವರು ಏನು ನಡೆಸಿದರು, ದುಡ್ಡು ಎಲ್ಲಿಂದ ತಂದರು, ಯಾರನ್ನು ಸೇರಿಸಿಕೊಂಡರು ಎಂದು ನೋಡಬೇಕು. ಅವರ ಸ್ತ್ರೀವಾದ ಅಲ್ಲಿದೆ ಎನ್ನುವುದೇ ನನ್ನ ವಾದ.

ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತರಾದರು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿದ್ದು ತಾವೂ ಕಲಿತು, ಸಂಸ್ಕೃತವನ್ನೂ ಕಲಿಸಿದರು. 1886ರಲ್ಲಿ ಆನಂದಿಬಾಯಿ ಜೋಶಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದವರು ಅಲ್ಲೇ ಉಳಿದು ಶಿಶುವಿಹಾರದ ಕಲಿಕಾ ಕ್ರಮ ಕಲಿತರು. ಮೇಲ್ಜಾತಿ ಹಿಂದೂ ಹೆಂಗಸಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಊರೂರು ತಿರುಗಿ ಭಾಷಣ ಮಾಡಿದರು. 1887ರಲ್ಲಿ ಬೋಸ್ಟನ್‌ನಲ್ಲಿ ಒಂದು ಸಂಘ ಹುಟ್ಟಿತು. ಹತ್ತು ವರ್ಷ ನಿಮ್ಮ ಶಾಲೆಯ ಖರ್ಚು ನೋಡಿಕೊಳ್ಳುತ್ತೇವೆ ಎಂದು ಆ ಸಂಘ ಮಾತು ಕೊಟ್ಟಿತು. ಆ ದುಡ್ಡಿನಿಂದ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಹೋಯಿತು. ಅದು ಶಾಲೆಯೂ ಹೌದು, ವಿಧವೆಯರು ಇದ್ದು ಉಣ್ಣುವ ಮನೆಯೂ ಹೌದು.

ಅಲ್ಲಿಗೆ ಮೊದಲು ಬಂದ ವಿಧವೆ ಗೋದೂಬಾಯಿ. ಮುಂದೆ 1893ರಲ್ಲಿ ಮಹರ್ಷಿ ಎಂದು ಹೆಸರಾದ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಆದರು. ಕರ್ವೆಯವರು 1896ರಲ್ಲಿ ವಿಧವೆಯರಿಗೆ ಆಶ್ರಮ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ್ದನ್ನು ನೀವು ಓದಿದ್ದೀರಿ. ಆದರೆ ಹೆಂಗಸರಿಗೆಂದೇ ಇರುವ ಮನೆಯೊಂದರಲ್ಲಿ ಬದುಕಿ ಓದಿದ ಅನುಭವ ಆ ದಂಪತಿಯಲ್ಲಿ ಯಾರಿಗಿತ್ತು? ಆನಂದಿಬಾಯಿಗೆ. 1944ರಲ್ಲಿ ತಮ್ಮ ಆತ್ಮಕಥೆಯನ್ನೂ ಹೊರತಂದರು. ಆದರೂ ಸಂಸ್ಥೆಯ ಚರಿತ್ರೆಯಲ್ಲಿ ಅವರು ಮಹರ್ಷಿಗಳ ಹೆಂಡತಿ ಅಷ್ಟೇ. ಇದನ್ನು ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಶಾರದಾ ಸದನದ ಮೇಲೆ 1893ರಲ್ಲಿ ದೊಡ್ಡ ಗಲಾಟೆ ಆಯಿತು. ಹುಡುಗಿಯರನ್ನು ಮತಾಂತರ ಮಾಡುತ್ತಾರೆ ಎಂದು ತಿಲಕರ 'ಕೇಸರಿ' ಕಟುವಾಗಿ ಬರೆಯಿತು. ಸಲಹಾ ಸಮಿತಿಯಲ್ಲಿದ್ದ ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಹೊರಬಂದರು. ಎಷ್ಟೋ ಮನೆಯವರು ಹುಡುಗಿಯರನ್ನು ವಾಪಸ್ ಕರೆಸಿಕೊಂಡರು. ರಮಾಬಾಯಿ ಮುಚ್ಚಲಿಲ್ಲ. 1896-97ರ ಬರಗಾಲದಲ್ಲಿ ಮಧ್ಯಪ್ರಾಂತಕ್ಕೆ ಹೋಗಿ ಅನಾಥರಾದ ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. ಮೇಲ್ಜಾತಿ ವಿಧವೆಯರಿಗೆಂದು ಶುರುವಾದ ಕೆಲಸ ಬರಗಾಲದ ಮುಂದೆ ಆ ಗಡಿ ದಾಟಿತು. ಎಲ್ಲ ಜಾತಿಯ ಹುಡುಗಿಯರು ಬಂದರು. ಹೊಲ, ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಮಗಳು ಮನೋರಮಾ ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮಾಡಿದ ಮರಾಠಿ ಬೈಬಲ್ ಅನುವಾದಕ್ಕೆ ಅಚ್ಚಿನ ಮೊಳೆ ಜೋಡಿಸಿದ್ದೂ ಅಲ್ಲಿನ ಹುಡುಗಿಯರೇ. 1912ರಲ್ಲಿ ಅಮ್ಮ ಮಗಳು ಸೇರಿ ಕಲಬುರಗಿಯಲ್ಲಿ ಒಂದು ಹೈಸ್ಕೂಲು ತೆರೆದರು, ಮನೋರಮಾ ಅದರ ಮುಖ್ಯಸ್ಥೆಯಾದರು. ಆಗ ಅದು ನಿಜಾಮರ ಸೀಮೆ. ಗಂಗಾಮೂಲ ಬಿಟ್ಟು ಹೋದ ಕುಟುಂಬದ ಮುಂದಿನ ತಲೆಮಾರು ಕನ್ನಡ ನೆಲಕ್ಕೆ ಶಾಲೆ ಹೊತ್ತು ಬಂದದ್ದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತೇ ಇಲ್ಲ.

ಈಗ ಹಳೆ ಮೈಸೂರಿಗೆ ಬರೋಣ. ಮೈಸೂರಿನ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ, ಮೊದಲಿಗೆ ಮೇಲ್ಜಾತಿಯವರಿಗಾಗಿ. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯಲು ಒಂದು ಕಾನೂನು ತಂದಿತು. ಬಹಳ ಮುಂದುವರಿದ ಕಾನೂನು ಎಂದು ಹೊಗಳುತ್ತಾರೆ. ಅದು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು! ನಂಜನಗೂಡಿನ ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹತ್ತನೇ ವಯಸ್ಸಿಗೆ ಮದುವೆ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಹದಿನಾಲ್ಕಕ್ಕೆ ವಿಧವೆ. ಮಹಾರಾಣಿ ಶಾಲೆ ಇದ್ದ ಮೈಸೂರು ಅಲ್ಲಿಂದ ಸುಮ್ನೆ ಹತ್ತು ಹದಿನೈದು ಮೈಲಿ. ಆದರೂ ಅವರ ಮುಂದಿನ ಓದು ನಡೆದದ್ದು ಮನೆಯೊಳಗೆ, ವಕೀಲರಾಗಿದ್ದ ಅಪ್ಪ ತಂದುಕೊಟ್ಟ ಪುಸ್ತಕಗಳಿಂದ.

ಆ ಹುಡುಗಿ 1913ರಲ್ಲಿ ಸತೀಹಿತೈಷಿಣೀ ಎಂಬ ಗ್ರಂಥಮಾಲೆ ಶುರು ಮಾಡಿದರು. ಅವರ ಕಾದಂಬರಿ 'ಸುಶೀಲೆ' ಬಂದದ್ದು ಅದರಲ್ಲೇ. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ತಂದರು. ಹೊಸ ಕನ್ನಡದ ಮೊದಲ ಲೇಖಕಿ, ಮೊದಲ ಸಂಪಾದಕಿ, ಮೊದಲ ಪ್ರಕಾಶಕಿ ಎಂದು ಅವರನ್ನು ಕರೆಯುತ್ತೇವೆ. ಮನೆಗೆ ಮಾತೃಮಂದಿರ ಎಂದು ಹೆಸರಿಟ್ಟು ಸುತ್ತಲಿನ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಆದರೆ ಅವರ ಕಥೆಗಳಲ್ಲಿ ಏನಿದೆ? ಗಂಡ ಎಂಥವನಾದರೂ ಸಹಿಸಿ, ಕೊನೆಗೆ ಗೆಲ್ಲುವ ಹೆಂಡತಿ. ಪಾತಿವ್ರತ್ಯದ ಹೊಗಳಿಕೆ. ಇವತ್ತಿನ ಹುಡುಗಿಯರು ಹತ್ತು ಪುಟ ಓದಿ ಮುಚ್ಚಿಡುತ್ತಾರೆ. ನಾನು ಅವರನ್ನು ದೂರುವುದಿಲ್ಲ.

ಆದರೆ ಪುಸ್ತಕದ ಆಚೆ ನೋಡಿ. ವಿಧವೆ ಎದುರಿಗೆ ಬಂದರೆ ಅಪಶಕುನ ಎನ್ನುತ್ತಿದ್ದ ಕಾಲ. ಅಂಥ ಒಬ್ಬ ಹೆಂಗಸಿನ ಹೆಸರು ಅಚ್ಚಾಗಿ, ಅಂಚೆಯಲ್ಲಿ ಹೊರಟು, ಪರವೂರಿನ ಮನೆಗಳ ಒಳಗೆ, ಅಡುಗೆಮನೆಯವರೆಗೂ ಹೋಗುತ್ತದೆ. ಆ ಮನೆಗಳ ಹೆಂಗಸರು ಕಾದು ಕೂತು ಓದುತ್ತಾರೆ. ಮನೆ ಬಿಟ್ಟು ಬರಲಾಗದವರ ಬಳಿಗೆ ಓದನ್ನೇ ಕಳಿಸುವ ದಾರಿ ಇದು. ಆಗಿನ ಅಪ್ಪಂದಿರು, ಗಂಡಂದಿರು ಈ ಪತ್ರಿಕೆಗೆ ಚಂದಾ ಕಟ್ಟಲು ಒಪ್ಪಿದ್ದರಲ್ಲಿ ಆ ಪಾತಿವ್ರತ್ಯದ ಕಥೆಗಳ ಪಾಲೂ ಇದೆ ಅಂತ ನನ್ನ ಊಹೆ. ಬೇಕೆಂದೇ ಹಾಗೆ ಬರೆದರು ಎಂದು ನಾನು ಹೇಳುತ್ತಿಲ್ಲ. ತಿರುಮಲಾಂಬ ಆ ಮೌಲ್ಯಗಳನ್ನು ಮನಸಾರೆ ನಂಬಿದ್ದರು. ನಂಬಿಕೊಂಡೇ, ಆ ಮೌಲ್ಯಗಳು ಒಪ್ಪದ ಬದುಕನ್ನು ಬದುಕಿದರು. 1982ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಬರೆಯುವುದು ನಿಂತು ಆಗಲೇ ದಶಕಗಳಾಗಿದ್ದವು. ಅವರನ್ನು ಮತ್ತೆ ಓದುವಂತೆ ಮಾಡಿದವರಲ್ಲಿ ಸಿ. ಎನ್. ಮಂಗಳಾ, ವಿಜಯಾ ದಬ್ಬೆ ಅವರಂಥ ಹೆಂಗಸರೇ ಮುಂದೆ. ವಿಜಯಾ ದಬ್ಬೆ 1970ರ ದಶಕದ ಕೊನೆಗೆ ಮೈಸೂರಿನಲ್ಲಿ ಗೆಳತಿಯರ ಜೊತೆ ಸಮತಾ ಎಂಬ ವೇದಿಕೆ ಕಟ್ಟಿದವರು. ನನ್ನಂಥವರು ಈ ವಿಷಯಕ್ಕೆ ಕೈ ಹಾಕಲು ಸಾಧ್ಯವಾದದ್ದು ಇವರು ಮೊದಲೇ ದಾರಿ ಮಾಡಿಟ್ಟದ್ದರಿಂದ.

ಬೆಂಗಳೂರಿನ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. 'ಸರಸ್ವತಿ' ಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಇವತ್ತು ಯಾವುದಾದರೂ ಪತ್ರಿಕೆಯನ್ನು ನಾಲ್ಕು ವರ್ಷ ನಡೆಸಿದವರನ್ನು ಕೇಳಿ, ಅದು ಎಂಥ ಕೆಲಸ ಅಂತ ಹೇಳುತ್ತಾರೆ. 1938ರಲ್ಲಿ ಅವರು ಕಟ್ಟಿದ ಮಕ್ಕಳ ಕೂಟದ ಹೆಸರು ಚಾಮರಾಜಪೇಟೆಯಲ್ಲಿ ಈಗಲೂ ಎಲ್ಲರ ಬಾಯಲ್ಲಿದೆ. ಕಟ್ಟಿದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಇಷ್ಟು ಹೊತ್ತು ನಾನು ಹೇಳಿದವರಲ್ಲಿ ಹೆಚ್ಚಿನವರು ಬ್ರಾಹ್ಮಣ ಹೆಂಗಸರು. ಇದನ್ನು ನೀವು ಗಮನಿಸಿರುತ್ತೀರಿ, ಗಮನಿಸಲೇಬೇಕು. ಅವರ ಕಷ್ಟ ನಿಜ. ಆದರೆ ಅಪ್ಪನ ಮನೆಯಲ್ಲಿ ಪುಸ್ತಕವಿತ್ತು, ಅಕ್ಷರವಿತ್ತು. ಸಾವಿತ್ರಿಬಾಯಿ ಮತ್ತು ಜೋತಿಬಾ ಫುಲೆ 1848ರಿಂದ ಪುಣೆಯಲ್ಲಿ ತೆರೆದ ಶಾಲೆಗಳ ಬೆಲೆ ತಿಳಿಯುವುದು ಇಲ್ಲೇ. ಅವರ ಶಾಲೆಯಲ್ಲಿ ಓದಿದ ಮುಕ್ತಾ ಸಾಳ್ವೆ, ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಾಂಗ್ ಜಾತಿಯ ಹುಡುಗಿ. 1855ರಲ್ಲಿ, ಹದಿನಾಲ್ಕರ ಆಸುಪಾಸಿನಲ್ಲಿ, ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಒಂದು ಲೇಖನ ಬರೆದಳು. ವೇದ ಬ್ರಾಹ್ಮಣರದ್ದು ಮಾತ್ರ ಎನ್ನುವುದಾದರೆ ನಮಗೆ ಧರ್ಮಗ್ರಂಥವೇ ಇಲ್ಲ ಎಂದಾಯಿತಲ್ಲ, ಹಾಗಾದರೆ ನಮ್ಮ ಧರ್ಮ ಯಾವುದು ಎಂದು ದೇವರನ್ನೇ ಕೇಳುತ್ತಾಳೆ. ಹೆರಿಗೆಯ ಹೊತ್ತಿನಲ್ಲಿ ತಲೆಯ ಮೇಲೊಂದು ಸೂರಿಲ್ಲದ ತನ್ನ ಜಾತಿಯ ಹೆಂಗಸರ ಬಗ್ಗೆ ಬರೆಯುತ್ತಾಳೆ. ಅವಳ ಬರಹದಲ್ಲಿ ಉಪದೇಶ ಹುಡುಕಿದರೂ ಸಿಗದು. ರಮಾಬಾಯಿಗೂ ತಿರುಮಲಾಂಬಾಗೂ ಬಿಡಲಾಗದೇ ಹೋದ ಮರ್ಯಾದೆಯ ಭಾರ ಅವಳ ಮೇಲೆ ಇರಲಿಲ್ಲ. ಬರೆದದ್ದನ್ನು ಬಿಟ್ಟು ನಡೆಸಿದ್ದನ್ನು ನೋಡಿ ಎಂಬ ನನ್ನ ಮಾತು ಮುಕ್ತಾಳ ಮುಂದೆ ನಿಲ್ಲುವುದಿಲ್ಲ. ಅವಳು ನಡೆಸಿದ್ದೇನು ಎಂಬ ದಾಖಲೆ ನಮಗೆ ಉಳಿದಿಲ್ಲ. ಉಳಿದಿರುವುದು ಆ ಬರಹ, ಅದಂತೂ ಕೆಂಡದಂತಿದೆ.

ಇವತ್ತಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. 1901ರಲ್ಲಿ ಭಾರತದ ನೂರು ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. 2021-22ರ ಸರ್ಕಾರಿ ಸಮೀಕ್ಷೆಯಂತೆ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ 2 ಕೋಟಿ 7 ಲಕ್ಷ ಹೆಣ್ಣುಮಕ್ಕಳಿದ್ದರು, ಹುಡುಗರಿಗೆ ಹೆಚ್ಚುಕಡಿಮೆ ಸಮ. ಇದು ಸಣ್ಣ ಮಾತಲ್ಲ. ಆದರೆ 2011ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 68 ಇದ್ದಾಗ ಯಾದಗಿರಿಯಲ್ಲಿ ಶೇ. 41ರ ಸುತ್ತ ಇತ್ತು. ಈ ಹಾಲ್‌ನಲ್ಲಿ ಬಸ್ಸಿನಲ್ಲಿ ಬರುವವರು ಕೈ ಎತ್ತಿ ಎಂದಾಗ ಎಷ್ಟು ಕೈ ಎದ್ದವು ನೋಡಿದಿರಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ. ಆ ಟಿಕೆಟ್ಟಿಗೂ, ರಮಾಬಾಯಿ 1882ರಲ್ಲಿ ಕೇಳಿದ ಹಾಸ್ಟೆಲ್ಲಿಗೂ ನೇರ ನಂಟಿದೆ. ಹೆಣ್ಣಿನ ಓದು ತರಗತಿಯ ಬಾಗಿಲಿಗೆ ಬರುವ ಮುಂಚೆಯೇ ನಿಂತು ಹೋಗುವುದು ಜಾಸ್ತಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

"ಮತಾಂತರ ಆಗದಿದ್ದರೆ ರಮಾಬಾಯಿ ಇನ್ನೂ ದೊಡ್ಡ ಹೆಸರಾಗುತ್ತಿದ್ದರಲ್ವಾ ಮೇಡಂ?" ಎಂದು ಒಬ್ಬಳು ಕೇಳಿದಳು. ಬಹುಶಃ ಹೌದು. ಆದರೆ ಯಾವ ಧರ್ಮದಲ್ಲಿ ಇರಬೇಕು ಎಂದು ಓದಿ, ಯೋಚಿಸಿ ತಾನೇ ತೀರ್ಮಾನ ಮಾಡುವ ಹಕ್ಕು ಹೆಣ್ಣಿಗೆ ಇದೆಯೋ ಇಲ್ಲವೋ? ಆಗಿನ ಗದ್ದಲದ ತಳದಲ್ಲಿದ್ದ ಪ್ರಶ್ನೆ ಅದು. ಜೋತಿಬಾ ಫುಲೆ 1885ರಲ್ಲೇ ಆಕೆಯ ಪರ ಬರೆದರು. ಮತಾಂತರವಾದ ಮೇಲೂ ಇಂಗ್ಲೆಂಡಿನ ಚರ್ಚಿನ ಹಿರಿಯರು ಹೇಳಿದ್ದನ್ನೆಲ್ಲ ರಮಾಬಾಯಿ ಒಪ್ಪಲಿಲ್ಲ, ಅವರ ಜೊತೆಗೂ ವಾದ ಮಾಡಿದರು. ಯಾರು ಹೇಳಿದರೂ ಸುಮ್ಮನೆ ತಲೆ ಬಾಗಿಸುವ ಹೆಂಗಸಾಗಿರಲಿಲ್ಲ.

ಇನ್ನೊಬ್ಬಳದ್ದು ನೇರ ಪ್ರಶ್ನೆ. "ಇದನ್ನು ಓದಿದರೆ ಕೆಲಸ ಸಿಗುತ್ತಾ?" ಸಿಗುವುದು ಕಷ್ಟ. ಮಾನವಿಕ ವಿಷಯಗಳಲ್ಲಿ ಪಿಎಚ್‌ಡಿ ಮಾಡಿದ ಎಷ್ಟೋ ಗೆಳತಿಯರು ಅತಿಥಿ ಉಪನ್ಯಾಸಕಿಯರಾಗಿದ್ದಾರೆ, ರಜೆಯ ತಿಂಗಳಲ್ಲಿ ಸಂಬಳವಿಲ್ಲ. ಫೆಲೋಶಿಪ್ ಇದ್ದರೆ ಮಾತ್ರ ನೆಮ್ಮದಿಯಾಗಿ ಓದಬಹುದು. ಆದ್ದರಿಂದ ಸೇರುವ ಮುಂಚೆ ನೆಟ್ ಪರೀಕ್ಷೆ ಬರೆದು, ಅದರಿಂದ ಸಿಗುವ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್‌ಗೆ ಪ್ರಯತ್ನಪಡಿ ಎಂದು ಅವಳಿಗೆ ಹೇಳಿದೆ. ಅದನ್ನು ನಿಮಗೂ ಹೇಳುತ್ತೇನೆ.

ನನ್ನಿಂದ ನಿಮಗೊಂದು ಕೋರಿಕೆ ಇದೆ. ನಿಮ್ಮ ಅಜ್ಜಿ, ಮುತ್ತಜ್ಜಿಯರ ಮನೆಯ ಅಟ್ಟದಲ್ಲಿ ಹಳೇ ಟ್ರಂಕ್ ಇದ್ದರೆ ರದ್ದಿಗೆ ಹಾಕುವ ಮುಂಚೆ ಒಮ್ಮೆ ತೆಗೆದು ನೋಡಿ. 'ಕರ್ನಾಟಕ ನಂದಿನಿ', 'ಸರಸ್ವತಿ' ಇರಬಹುದು. ಚಂದಾ ಕಟ್ಟಿದ ರಸೀದಿ, ಮಹಿಳಾ ಸಮಾಜದ ಲೆಕ್ಕದ ಪುಸ್ತಕ, ಹಾಸ್ಟೆಲ್ಲಿಂದ ಮನೆಗೆ ಬರೆದ ಕಾಗದ ಇರಬಹುದು. ಕಥೆ, ಲೇಖನಗಳಿಗಿಂತ ಈ ರಸೀದಿ, ಲೆಕ್ಕಗಳೇ ನನಗೆ ಹೆಚ್ಚು ಬೇಕು. ಯಾವ ಊರಿನ ಯಾವ ಹೆಂಗಸು, ಯಾರ ಹೆಸರಿನಲ್ಲಿ, ಎಷ್ಟು ದುಡ್ಡು ಕಟ್ಟಿ ತರಿಸಿಕೊಂಡು ಓದಿದಳು ಎನ್ನುವುದು ಅಲ್ಲಿ ಮಾತ್ರ ಸಿಗುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಬೇಡ, ಮೊಬೈಲಿನಲ್ಲಿ ಪುಟಪುಟದ ಫೋಟೋ ತೆಗೆದು ನಿಮ್ಮ ಮೇಡಂ ಹತ್ತಿರ ಕೊಡಿ. ಮೊದಲ ಪುಟ, ಕೊನೆಯ ಪುಟ, ಜಾಹೀರಾತು ಯಾವುದನ್ನೂ ಬಿಡಬೇಡಿ.